ಲೋಡಿನ ಮೇಲಿನ ತಗ್ಗು

ನಮ್ಮ ಕಾಕಾನ ಸೀರೆ ಅಂಗಡಿಯ ಲೋಡಿನ ಎಡಮಗ್ಗುಲಲ್ಲಿ ಒಂದು ತಗ್ಗಿತ್ತು. ಒಂದು ಮೊಣಕೈ ಸರಿಯಾಗಿ ಕೂರುವಷ್ಟು. ಎಷ್ಟು ಬಡಿದರೂ ಹತ್ತಿ ಅಲ್ಲಿ ಉಬ್ಬುತ್ತಿರಲಿಲ್ಲ. ಗಜೇಂದ್ರಗಡದ ಬಸ್ ನಿಲ್ದಾಣದಿಂದ ಕೂಗಳತೆಯ ಆ ಅಂಗಡಿಯಲ್ಲಿ ನೆಲದ ತುಂಬ ಬಿಳಿ ಗಾದಿ, ಅದರ ತುದಿಗೆ ಎರಡು ಗೇಣೆತ್ತರದ ಮರದ ಕಟ್ಟೆ, ಕಟ್ಟೆಯ ಮೇಲೆ ಲೋಡು, ಲೋಡಿಗೆ ಒರಗಿದ ಕಾಕಾ. ಬೆಟ್ಟದ ಮೇಲಿನ ಕೋಟೆಯಲ್ಲಾದರೂ ಒಂದೆರಡು ಕಲ್ಲು ಜಾರಿದ್ದವು. ಕಾಕಾ ಜಾರಿದ್ದನ್ನು ಕಂಡವರಿರಲಿಲ್ಲ.

ಅವರನ್ನು ಕದಲಿಸಿದ್ದು ಒಬ್ಬ ಕೋಟ್ಯಧಿಪತಿ. ಇಸವಿ ಎರಡು ಸಾವಿರ ದಾಟಿದ ಆ ವರ್ಷಗಳಲ್ಲಿ, ಕಂಪ್ಯೂಟರ್ ಕಂಪನಿ ಕಟ್ಟಿ ಜಗತ್ತಿಗೆ ಪರಿಚಿತರಾದ ಆ ಮಹನೀಯರ ಹೆಸರನ್ನು ನಮ್ಮಲ್ಲಿ ಹೇಳಬೇಕಾಗಿಯೇ ಇರಲಿಲ್ಲ. ‘ಅವರು’ ಎಂದರೆ ಸಾಕಿತ್ತು. ರೋಣದ ಕ್ಷೌರದಂಗಡಿಯಲ್ಲಿ ಅವರ ಚಿತ್ರ ದೇವರಿಗೂ ಸಿನಿಮಾ ನಟರಿಗೂ ನಡುವಿನ ಜಾಗ ಹಿಡಿದಿತ್ತು. ನರಗುಂದದ ನಮ್ಮ ಸೋದರತ್ತೆ ನನಗೆ ಬಂದ ವರಗಳನ್ನೆಲ್ಲ ಅವರ ಪಕ್ಕ ನಿಲ್ಲಿಸಿ ಅಳೆದಳು, ಎಲ್ಲರೂ ಗಿಡ್ಡರಾದರು. ನಾನೇನು ಕಡಿಮೆಯೆ? ಧಾರವಾಡದಲ್ಲಿ ಓದುವಾಗ ಅವರ ಭಾಷಣವನ್ನು ಕೊನೆಯ ಸಾಲಿನಿಂದ ಕೇಳಿದ್ದೆ. ಬಾಯಿಪಾಠ ಮಾಡಿಕೊಂಡ ಪ್ರಶ್ನೆಯೊಂದಿತ್ತು. ಆದರೆ ಮೇಲೆತ್ತಿದ ಕೈ ಕೂದಲು ಸರಿಪಡಿಸಿಕೊಂಡು ಕೆಳಗಿಳಿಯಿತು.

ನನ್ನನ್ನು ಬೆರಗುಗೊಳಿಸಿದ್ದು ಅವರ ಐಶ್ವರ್ಯವಲ್ಲ. ಎರವಲು ಮೇಜೊಂದರ ಸುತ್ತ ಗೆಳೆಯರೊಡನೆ ಕೂತು ಕೆಲಸ ಆರಂಭಿಸಿದವರು, ಅಷ್ಟು ದೊಡ್ಡವರಾದ ಮೇಲೂ ಪ್ರತ್ಯೇಕ ಕೋಣೆಯಿಲ್ಲದೆ, ನಿನ್ನೆ ಸೇರಿದವನ ಸಾಲಿನಲ್ಲೇ ಕೂರುತ್ತಾರಂತೆ. ಸಂಪತ್ತು ಎಲ್ಲರನ್ನೂ ಮಹಡಿಗೇರಿಸುತ್ತದೆ. ಅವರನ್ನು ಮಾತ್ರ ನೆಲದ ಮೇಲೇ ಬಿಟ್ಟಿತ್ತು. ಓದು ಮುಗಿಸಿ ಮನೆಗೆ ಬಂದವಳು ಇದನ್ನು ಊಟದ ಹೊತ್ತಿನಲ್ಲಿ ಹೇಳಿದೆ. ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕಿವಿಗೊಟ್ಟರು.

ಮೇಜು ಕುರ್ಚಿ ಹಾಕಿದರೆ ‘ಅವರಂತೆ’ ಆದೆವೆಂದುಕೊಂಡರೋ ಏನೋ, ಕೆಲವೇ ದಿನಗಳಲ್ಲಿ ಗಾದಿ ಸುರುಳಿಯಾಗಿ ಅಟ್ಟ ಸೇರಿತು. ಗಾಜಿನ ಕೌಂಟರ್ ಬಂತು, ಕುರ್ಚಿಗಳು ಬಂದವು, ಗೋಡೆಗೆ ‘ಅವರ’ ಫೋಟೋ ಬಂತು. ಲೋಡಿನ ಸಮೇತ ಕಟ್ಟೆ ಮಾತ್ರ ಕೌಂಟರಿನ ಹಿಂದೆ ಉಳಿಯಿತು. ನಿಂತರೆ ಕಾಕಾನ ಕಾಲು ನೋಯುತ್ತದಲ್ಲ!

ಓದುಗರೇ, ನಮ್ಮ ಕಡೆ ಸೀರೆ ಕೊಳ್ಳುವುದೆಂದರೆ ಚಪ್ಪಲಿ ಬಿಟ್ಟು, ಕಾಲು ಮಡಚಿ ಕೂತು, ನೀರು ಕುಡಿದು, ರಾಶಿ ಸೀರೆ ಬಿಚ್ಚಿಸಿ, ಪಕ್ಕದವಳ ಹೆಗಲಿಗೆ ಸೆರಗು ಹೊದಿಸಿ, ಅಲ್ಲಿಲ್ಲದ ಅತ್ತೆಯನ್ನು ಆಡಿಕೊಂಡು, ಆಮೇಲೆ ಕೊಳ್ಳುವುದು. ಕೌಂಟರಿನ ಮುಂದೆ ನಿಂತ ಹೆಂಗಸರು ರಸ್ತೆ ನೋಡಿಕೊಂಡು ಹೊರಟುಬಿಡುತ್ತಿದ್ದರು. ಮದುವೆಯ ಕಾಲದಲ್ಲೂ ಊರಿನ ಮಗ್ಗಗಳಿಂದ ಬಂದ ಸೀರೆಗಳು ಕಪಾಟಿನಲ್ಲೇ ಉಳಿದವು. ಹೀಗೇ ಆದರೆ ನೇಕಾರರಿಗೆ ‘ಇನ್ನು ನೇಯಬೇಡಿ’ ಎನ್ನಬೇಕಾಗುತ್ತಿತ್ತು.

ಒಂದು ಸಂಜೆ ಪಕ್ಕದ ಹಳ್ಳಿ ಪುರ್ತಗೇರಿಯ ಮುಮ್ತಾಜ್ ಚಾಚಿ ಮದುವೆಗೆ ನಿಂತ ಮಗಳೊಡನೆ ಬಂದರು. ಅವರ ಮನೆಯ ಮದುವೆ ಬಟ್ಟೆಗಳೆಲ್ಲ ನಮ್ಮಲ್ಲೇ.

“ಅಣ್ಣಾರ, ನಿಂತು ತಗೊಳ್ಳಾಕ ಸೀರಿ ಏನ ಬಸ್ಸಿನ ಟಿಕೀಟೇನ್ರಿ?”

“ಕುರ್ಚಿ ಅದಾವಲ್ರಿ, ಕೂಡ್ರಿ.”

“ನಾ ಕುರ್ಚಿ ಮ್ಯಾಲೆ ಕುಂತ್ರ ಸೀರಿ ಎಲ್ಲಿ ಹಾಸ್ತೀರಿ, ನನ್ನ ತಲಿ ಮ್ಯಾಲೆ? ರೋಣದಾಗ ಇನ್ನೂ ಗಾದಿ ಅದಾವು. ನಾಳಿ ಅಲ್ಲೇ ಹೋಗ್ತೇವಿ.”

ಅವರು ಹೋದ ಮೇಲೆ ಕಾಕಾ ಫೋಟೋದತ್ತ ನೋಡಿದರು, ಮೋಸಹೋದವರಂತೆ. ಧಾರವಾಡದಲ್ಲಿ ಏಳದಿದ್ದ ನನ್ನ ದನಿ ಇಲ್ಲಿ ಎದ್ದಿತು:

“ಕಾಕಾ, ಅವರು ಎಲ್ಲಾರ ಜೋಡಿ ಕೂಡ್ತಾರ ಅಂತ ನಾ ಹೇಳಿದ್ದು. ನಮ್ಮ ಗಾದಿ ಮ್ಯಾಲೆ ಮೊದಲಿಂದನೂ ಎಲ್ಲಾರೂ ಕೂಡೇ ಕೂಡ್ತಿದ್ರು. ನೀ ಒಬ್ಬಾಂವ ಅಷ್ಟ ಕಟ್ಟಿ ಮ್ಯಾಲೆ.”

ಕಾಕಾ ತಾವು ಕೂತಿದ್ದ ಕಟ್ಟೆಯ ಅಂಚನ್ನು ತಡವಿ ನೋಡಿದರು. “ಅಂದ್ರ ತಗೀಬೇಕಾಗಿದ್ದು ಗಾದಿ ಅಲ್ಲ, ನನ್ನ ಕಟ್ಟಿ ಅಂತೀ?”

“ಹೂಂ.”

“ಮೊದಲ ಹೇಳಾಕ ಏನಾಗಿತ್ತ ನಿನಗ? ಹಿಡಿ, ಆ ಕಡೆ ಎತ್ತು.”

ಇಬ್ಬರೂ ಸೇರಿ ಕಟ್ಟೆಯನ್ನು ಹಿತ್ತಲಿಗೆ ಸಾಗಿಸಿದೆವು. ಹಿರಿಯರ ಮಾತಿಗೂ ಮಂಡಿನೋವಿಗೂ ಇಳಿಯದ ಮನುಷ್ಯನನ್ನು, ಗಜೇಂದ್ರಗಡವನ್ನೇ ಕಂಡಿರದವರೊಬ್ಬರು ಎಲ್ಲೋ ತಮ್ಮ ಪಾಡಿಗೆ ಕೂತು, ಎರಡು ಗೇಣು ಕೆಳಗಿಳಿಸಿದ್ದರು. ಅವರ ಅಷ್ಟೆಲ್ಲ ಸಾಧನೆಗಳಲ್ಲಿ ನಾನು ಕಣ್ಣಾರೆ ಕಂಡದ್ದು ಇದೊಂದೇ. ನನ್ನ ಬೆರಗಿಗೆ ಇಷ್ಟು ಸಾಕು.

ಮರುದಿನ ಬೆಳಿಗ್ಗೆ ಕೌಂಟರು, ಕುರ್ಚಿಗಳನ್ನು ಮೂಲೆಗೆ ಸರಿಸಿ ಗಾದಿ ಹಾಸಿ, ಲೋಡನ್ನು ಗಿರಾಕಿಗಳು ಒರಗುವ ಕಡೆಗೆ ಇಟ್ಟೆ, ತಗ್ಗು ಮೇಲಾಗಿ, ಬೇಕಾದವರ ಮೊಣಕೈಗೆ. ಆಮೇಲೆ ಪುರ್ತಗೇರಿಗೆ ಹೋದೆ. ರೋಣಕ್ಕೆ ಹೊರಟು ನಿಂತಿದ್ದ ಚಾಚಿ ನನ್ನನ್ನು ಕಂಡು ನಕ್ಕರು.

“ಏನವಾ, ನಿಮ್ಮ ಕಾಕಾಗ ಶಾಣ್ಯಾತನ ಬಂತೇನ?”

“ಬಂತ್ರಿ ಚಾಚಿ,” ಎಂದೆ. “ಭಾಳ ದೂರದಿಂದ ಬಂತು. ಅದಕ್ಕ ತಡಾ ಆತು.” ಮತ್ತು ಅವರ ಕೈಚೀಲವನ್ನು ಇಸಿದುಕೊಂಡು, ಗಜೇಂದ್ರಗಡದ ಬಸ್ಸು ನಿಲ್ಲುವ ಕಡೆಗೆ ಮುಂದೆ ನಡೆದೆ.