ನಾಲ್ಕು ದಾಟದ ಮುಳ್ಳು

ಸಿದ್ದಪ್ಪ, ನೀನು ಸುಳ್ಳು ಆಣೆ ಮಾಡಲಿಲ್ಲ. ಸುಳ್ಳು ಹೇಳಿದ್ದು ನಿನ್ನ ಬೈಕಿನ ಮೀಟರ್. ಅದಕ್ಕೆ ಸುಳ್ಳು ಹೇಳಲು ಕಲಿಸಿದವನು ನಾನು — ಮೂಡಲಗಿಯ ಗ್ಯಾರೇಜಿನ ದಸ್ತಗೀರ, ನೀನು ಕಾಕಾ ಎಂದು ಕರೆಯುವವನು. ಇಷ್ಟು ಬರೆಯಲು ನನಗೆ ಆರು ವರ್ಷ ಹಿಡಿಯಿತು.

ನಿನ್ನ ಆ ಹಳೆಯ ಬೈಕಿನಲ್ಲಿ ಮೊದಲಿನದು ಎನ್ನುವಂಥದ್ದು ಅರ್ಧವೂ ಉಳಿದಿರಲಿಲ್ಲ. ಬೇರೊಂದು ಗಾಡಿಯ ಮ್ಯಾಗ್ನೆಟ್ಟು, ಕಾಯಿಲ್ಲು, ಊರು ಎಬ್ಬಿಸುವ ಸೈಲೆನ್ಸರ್, ಕುರಿಮರಿ ಕಟ್ಟಿಕೊಂಡು ಹೋಗಲು ಹಿಂದೆ ಅಗಲವಾದ ಕ್ಯಾರಿಯರ್. ಇಂಜಿನ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದ್ದೆ. ಕೊನೆಗೆ ನೀನು ಸಂಕೇಶ್ವರದಿಂದ ತಂದ ಆರ್‌ಪಿಎಂ ಮೀಟರ್ — ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ಮುಳ್ಳಿನಿಂದ ತೋರಿಸುವ ಗುಂಡನೆಯ ಮೀಟರ್. ಅದನ್ನು ಕೂಡಿಸುವಾಗ ನಿನ್ನ ಮುಖದ ಮೇಲಿದ್ದ ಖುಷಿ ನನಗೆ ಇನ್ನೂ ನೆನಪಿದೆ.

ಗಾಡಿ ಚಾಲೂ ಮಾಡಿದೆ. ರೇಸ್ ಕೊಡದೆ ಸ್ಲೋದಲ್ಲಿ ಬಿಟ್ಟಾಗ ಮುಳ್ಳು ಆರುನೂರಕ್ಕೆ ನಿಂತಿತು. ನನ್ನ ಕಿವಿ ಸಾವಿರದ ಇನ್ನೂರು ಎನ್ನುತ್ತಿತ್ತು. ಮೂವತ್ತು ವರ್ಷ ಸಪ್ಪಳ ಕೇಳಿಯೇ ಗಾಡಿ ಹಿಡಿದವನು ನಾನು. ಮೀಟರ್ ಎಂದರೆ ನನಗೆ ಬರೀ ಶೋಕಿ. ಅರ್ಧ ಯಾಕೆ ತೋರಿಸುತ್ತಿದೆ ಎಂದು ಹುಡುಕಬೇಕಿತ್ತು — ವೈರು ನೋಡಬೇಕಿತ್ತು, ಮೀಟರಿನ ಬೆನ್ನು ಬಿಚ್ಚಬೇಕಿತ್ತು... ನೀನು ಚಹಾ ಹೇಳಲು ಹೋದ ಹೊತ್ತಿನಲ್ಲಿ ನಾನು ಗಾಜು ತೆಗೆದು, ಎರಡು ಚಮಚದ ತುದಿಯಿಂದ ಮುಳ್ಳನ್ನು ಮೀಟಿ, ಸಾವಿರದ ಇನ್ನೂರರ ಮೇಲೆ ಒತ್ತಿಬಿಟ್ಟೆ. ರೇಸ್ ಕೊಟ್ಟಾಗ ಅದು ಸರಿಯಾಗಿ ಏರುತ್ತದೋ ಇಲ್ಲವೋ — ನೋಡಲೇ ಇಲ್ಲ.

ನೀನು ಬಂದ ಮೇಲೆ ಹೇಳಿದೆ: "ಸಿದ್ದಪ್ಪ, ಹೊಸ ಪಿಸ್ಟನ್ ಐತಿ. ಸಾವಿರ ಕಿಲೋಮೀಟರ್ ಆಗೂತನಕ ಮುಳ್ಳು ನಾಲ್ಕ ಸಾವಿರ ದಾಟಸಬ್ಯಾಡ."

"ನಾಲ್ಕಂದ್ರ ನಾಲ್ಕರಿ ಕಾಕಾ, ದಾಟಸೂದಿಲ್ಲ" ಎಂದೆ ನೀನು.

ನಾನೇ ನಂಬದ ಮೀಟರನ್ನು ನಿನ್ನ ಜೀವಕ್ಕೆ ಅಳತೆ ಮಾಡಿ ಕೊಟ್ಟೆ.

ಐದನೆಯ ದಿನ. ಸಂಕೇಶ್ವರದ ಕಡೆ ಹೊಲದಲ್ಲಿ ಕುರಿ ತರುಬಿ ಬಿಡಾರ ಹೂಡಿದ್ದ ನಿನ್ನ ಅಣ್ಣ ಲಕ್ಕಪ್ಪನಿಗೆ ನೀನು ಕುರಿಗಳ ಔಷಧಿ ಒಯ್ಯುತ್ತಿದ್ದೆ. ಬೆಲ್ಲದ ಬಾಗೇವಾಡಿ ದಾಟಿದ ಮೇಲೆ, ಹುಕ್ಕೇರಿ ಇನ್ನೂ ಮುಂದಿರುವಾಗ, ಮಿತಿಮೀರಿ ಕಾದ ಹೊಸ ಪಿಸ್ಟನ್ ಇಂಜಿನ್ನಿನೊಳಗೇ ಹಿಡಿದುಕೊಂಡಿತು. ಹಿಂದಿನ ಗಾಲಿ ನಿಂತೇಬಿಟ್ಟಿತು. ನಿನ್ನ ಬಲಗಾಲು ಗಾಡಿಯ ಕೆಳಗೆ ಸಿಕ್ಕಿತು.

ಗಾಡಿ ಟೆಂಪೋದಲ್ಲಿ ನನ್ನ ಬಾಗಿಲಿಗೆ ಬಂತು. ನಾನು ಮೊದಲು ಬಿಚ್ಚಿದ್ದು ಇಂಜಿನ್ನನ್ನಲ್ಲ, ಮೀಟರನ್ನು — ಅಂದರೆ, ನನ್ನೊಳಗೆ ಯಾರಿಗೋ ಆಗಲೇ ಗೊತ್ತಿತ್ತು. ಅದರ ಬೆನ್ನಿಗೆ ರಬ್ಬರ್ ಮುಚ್ಚಳ, ಮುಚ್ಚಳದ ಕೆಳಗೆ ಉಗುರಿನಿಂದ ಸರಿಸುವಷ್ಟು ಸಣ್ಣ ಗುಂಡಿ. ಇಂಜಿನ್ ಒಂದು ಸುತ್ತಿಗೆ ಎಷ್ಟು ಕಿಡಿ ಕೊಡುತ್ತದೆ ಎಂದು ಮೀಟರಿಗೆ ತಿಳಿಸುವುದು ಅದು. ಗುಂಡಿ ಎರಡಕ್ಕಿತ್ತು, ನಾನು ಹಾಕಿದ ಮ್ಯಾಗ್ನೆಟ್ಟು ಕೊಡುತ್ತಿದ್ದುದು ಒಂದೇ ಕಿಡಿ. ಅಂಥದೇ ಇನ್ನೊಂದು ಗಾಡಿಗೆ ಆ ಮೀಟರನ್ನೂ ಸರಿಯಾದ ಒಂದು ಮೀಟರನ್ನೂ ಜೋಡಿಸಿ ರೇಸ್ ಕೊಟ್ಟೆ. ನಿನ್ನ ಮುಳ್ಳು ನಾಲ್ಕು ಸಾವಿರಕ್ಕೆ ಬಂದಾಗ ಇನ್ನೊಂದರ ಮುಳ್ಳು ಆರೂವರೆ ದಾಟಿ ನಡುಗುತ್ತಿತ್ತು. ಮುಳ್ಳನ್ನು ನಾನು ಮುಂದೆ ಸರಿಸಿದ್ದು ಬರೀ ಆರುನೂರು, ಅದು ಏರುವುದು ಮಾತ್ರ ಅರ್ಧವೇ ಉಳಿದಿತ್ತು.

ನೀನು ಆಸ್ಪತ್ರೆಯಿಂದ ಬಂದೆ, ಒಂದು ಕಾಲು ಗಿಡ್ಡಾಗಿ. ಹುಚ್ಚನಂತೆ ಓಡಿಸಿದ್ದೀಯ ಎಂದು ಮನೆಯವರೆಲ್ಲ ಬೈದರು. ಬೀರಪ್ಪನ ಗುಡಿಯಲ್ಲಿ ಹಿರಿಯರ ಮುಂದೆ ಭಂಡಾರ ಮುಟ್ಟಿ ನೀನು ಆಣೆ ಮಾಡಿದೆ — ಮುಳ್ಳು ನಾಲ್ಕು ದಾಟಿಲ್ಲ ಎಂದು. ದೇವರ ಅರಿಶಿನ ಮುಟ್ಟಿ ಆಡಿದ ಮಾತಿಗೆ ನಿಮ್ಮಲ್ಲಿ ಬೇರೆ ಸಾಕ್ಷಿ ಕೇಳುವುದಿಲ್ಲ. ಆದರೂ ಲಕ್ಕಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ನನ್ನ ಹತ್ತಿರ ಬಂದ. ತಮ್ಮನ ಮೇಲೆ ಸಂಶಯಪಟ್ಟು ಬಂದಿರಲಿಲ್ಲ, ಸಿದ್ದಪ್ಪ. ನಿನ್ನ ಮಾತನ್ನು ಗಟ್ಟಿ ಮಾಡಿಕೊಂಡು ಹೋಗಲು ಬಂದಿದ್ದ.

"ದಸ್ತಗೀರಣ್ಣಾ, ತಮ್ಮ ಭಂಡಾರ ಮುಟ್ಯಾನ್ರಿ. ನಾಲ್ಕ ದಾಟಿಲ್ಲಂತ ನೀವೂ ಒಂದ ಮಾತ ಹೇಳ್ರಿ, ಮುಗೀತು."

ಗೀರು ಬಿದ್ದ ಪಿಸ್ಟನ್ನನ್ನು ಅವನ ಕೈಗಿಟ್ಟೆ. "ನೋಡ ಲಕ್ಕಪ್ಪ, ಇಂಜಿನ್ ನಾಲ್ಕ ದಾಟೇತಿ. ಭಾಳ ದಾಟೇತಿ."

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಂಜಿನ್ ದಾಟಿತ್ತು, ಮುಳ್ಳು ದಾಟಿರಲಿಲ್ಲ — ಎರಡನೆಯದನ್ನು ನುಂಗಿಕೊಂಡೆ. ಗ್ಯಾರೇಜಿನ ಹೆಸರು ಹೋಗುತ್ತದೆ ಎಂದು ಹೆದರಿದೆ, ಅಷ್ಟೇ. ಲಕ್ಕಪ್ಪ ಪಿಸ್ಟನ್ ಕೆಳಗಿಟ್ಟು, ಧೋತರಕ್ಕೆ ಕೈ ಒರೆಸಿಕೊಂಡು ಹೋದ.

ಆ ವರ್ಷ ನಿಮ್ಮ ಹಟ್ಟಿಯಲ್ಲಿ ಮರಿಗಳು ಸಾಯತೊಡಗಿದವು. ರೋಗ ಸುತ್ತಲಿನ ಹಟ್ಟಿಗಳಿಗೂ ಬಂದಿತ್ತು, ಆದರೆ ನಿಮ್ಮಲ್ಲಿ ಮಾತ್ರ ಅದಕ್ಕೆ ಸುಳ್ಳು ಭಂಡಾರವೇ ಕಾರಣವಾಯಿತು. ನಿನ್ನನ್ನು ಕುರಿಗಳ ಹತ್ತಿರ ಸುಳಿಯಗೊಡಲಿಲ್ಲ. ಲಕ್ಕಪ್ಪನ ಮಗಳಿಗೆ ಜ್ವರ ಬಂದಾಗಲೂ ಎಲ್ಲರೂ ನಿನ್ನ ಕಡೆಗೇ ನೋಡಿದರಂತೆ. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಪ್ರತಿ ಸಲ ಕೇಳಿ, ಪಾನಾ ಎತ್ತಿಕೊಂಡು ಕೆಲಸಕ್ಕೆ ಕೂಡುತ್ತಿದ್ದೆ.

ಕಳೆದ ಶುಕ್ರವಾರ ನಮಾಜು ಮುಗಿಸಿ ಬಂದರೆ ನೀನು ಗ್ಯಾರೇಜಿನ ಕಟ್ಟೆಯ ಮೇಲೆ ಕುಳಿತಿದ್ದೆ. ಗೋಕಾಕಿನ ಹತ್ತಿರದ ನಿಮ್ಮ ಹಟ್ಟಿಯಿಂದ ಬಸ್ಸಿಗೆ ಬಂದಿದ್ದೆ, ಪಕ್ಕದಲ್ಲಿ ಊರುಗೋಲು.

"ಕಾಕಾ, ನನ್ನ ಕಣ್ಣ ತಪ್ಪಿರಬೇಕ್ರಿ. ಮುಳ್ಳು ದಾಟಿರಬೇಕು, ನಾ ನೋಡಿರಾಕಿಲ್ಲ. ಅಮಾಸಿ ದಿನ ಗುಡಿಯಾಗ ಎಲ್ಲಾರ ಮುಂದ ಸುಳ್ಳ ಆಣಿ ಮಾಡೇನಿ ಅಂತ ಒಪ್ಕೊಂಡ ತಪ್ಪಗಾಣಿಕಿ ಕೊಡತೇನ್ರಿ. ಆಮ್ಯಾಲರ ಅಣ್ಣ ಮಾತಾಡಸ್ತಾನೇನೋ."

ಆರು ವರ್ಷದಲ್ಲಿ ನಾನು ನಿನ್ನ ಕಾಲು ಕಿತ್ತುಕೊಂಡೆ, ಅಣ್ಣನನ್ನು ಕಿತ್ತುಕೊಂಡೆ. ಈಗ ನೀನೇ ಕಣ್ಣಾರೆ ಕಂಡದ್ದನ್ನೂ... ಆಗಲಾದರೂ ಹೇಳಬಹುದಿತ್ತು. "ದೇವರು ಒಳ್ಳೇದ ಮಾಡ್ತಾನ" ಎಂದು ಹೇಳಿ ನಿನ್ನನ್ನು ಬಸ್ಸಿಗೆ ಕಳಿಸಿದೆ.

ಅಮಾವಾಸ್ಯೆಗೆ ಇನ್ನು ಮೂರು ದಿನ. ನಾಳೆ ಬೆಳಿಗ್ಗೆ ನಿಮ್ಮ ಹಟ್ಟಿಗೆ ಬರುತ್ತೇನೆ. ಲಕ್ಕಪ್ಪನ ಮುಂದೆ ನಿಂತಾಗ ನನ್ನ ಬಾಯಿ ಮತ್ತೆ ಹಿಂಜರಿಯಬಹುದು — ಅದರ ಮೇಲೆ ನನಗೆ ನಂಬಿಕೆಯಿಲ್ಲ — ಅದಕ್ಕೇ ಬರೆದು ತರುತ್ತಿದ್ದೇನೆ. ನಾನು ತಡವರಿಸಿದರೆ ಈ ಕಾಗದ ಕಸಿದುಕೊಂಡು ಎಲ್ಲರಿಗೂ ಕೇಳುವಂತೆ ಓದಿಸು. ಕ್ಷಮಿಸು ಎಂದು ಕೇಳುವುದಿಲ್ಲ.

ಅಮಾವಾಸ್ಯೆಯ ದಿನ ನೀನು ಗುಡಿಯಲ್ಲಿ ತಲೆ ಬಗ್ಗಿಸಬೇಡ, ಸಿದ್ದಪ್ಪ. ಬಗ್ಗಿಸಬೇಕಾದವನು ನಾನು.