ಬೇಲಿಯ ಬಳಿ ಸತ್ತ ಬೇಟೆಗಾರ

೧೯೭೩ರಲ್ಲಿ ನಾನು ಡೆಟ್ರಾಯಿಟ್ ಸೀಮೆಯ ಒಂದು ಶವಪರೀಕ್ಷಾ ಕಚೇರಿಯಲ್ಲಿ ಫೊರೆನ್ಸಿಕ್ ಪೆಥಾಲಜಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ವೈದ್ಯಕೀಯ ಓದಿ, ಶಿಕಾಗೋದಲ್ಲಿ ತರಬೇತಿ ಮುಗಿಸಿ, ಅಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಅಸಹಜವಾಗಿ ಸತ್ತವರ ದೇಹವನ್ನು ಕೊಯ್ದು ನೋಡಿ, ಅದು ಕೊಲೆಯೋ, ಆತ್ಮಹತ್ಯೆಯೋ, ಅಪಘಾತವೋ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಆ ಕಾಲದ ಡೆಟ್ರಾಯಿಟ್‌ನಲ್ಲಿ ಈ ಕೆಲಸಕ್ಕೆ ಬರವಿರಲಿಲ್ಲ. ಬಾರಿನಲ್ಲಿ, ಅಡುಗೆಮನೆಯಲ್ಲಿ, ಸಿಗ್ನಲ್ಲಿನಲ್ಲಿ ನಿಂತ ಕಾರಿನೊಳಗೆ ಜನ ಗುಂಡಿಗೆ ಸಾಯುತ್ತಿದ್ದರು. ಸೋಮವಾರ ಬೆಳಿಗ್ಗೆ ಹೋದರೆ ವಾರಾಂತ್ಯದ ಹೆಣಗಳು ಸಾಲಾಗಿ ಕಾದಿರುತ್ತಿದ್ದವು. ಗುಂಡಿನ ಗಾಯ ನೋಡುವುದು ನನಗೆ ಬೆಳಗಿನ ಪತ್ರಿಕೆ ಓದಿದಷ್ಟು ರೂಢಿಯಾಗಿತ್ತು. ಅದರ ಬಗ್ಗೆ ಒಂದಿಷ್ಟು ಜಂಬವೂ ಇತ್ತೆಂದು ಹೇಳಿದರೆ ನನ್ನ ಹೆಂಡತಿ ವಿಮಲ ಖಂಡಿತ ಒಪ್ಪುತ್ತಾಳೆ.

ಮಿಶಿಗನ್ನಿನಲ್ಲಿ ಕೋವಿಯಿಂದ ಜಿಂಕೆ ಬೇಟೆಯಾಡುವ ಋತು ನವೆಂಬರ್ ಹದಿನೈದಕ್ಕೆ ಶುರುವಾಗುತ್ತದೆ. ಅದು ಅಲ್ಲಿಯ ಗಂಡಸರಿಗೆ ಹಬ್ಬ. ಕಾರು ಕಾರ್ಖಾನೆಗಳಲ್ಲಿ ಆ ದಿನ ಎಷ್ಟೋ ಜನಕ್ಕೆ ಒಮ್ಮೆಗೇ ಮೈಗೆ ಹುಷಾರಿರುವುದಿಲ್ಲ. ಜಿಂಕೆ ಓಡಾಡುವ ದಾರಿಯ ಪಕ್ಕ ಬೇಟೆಗಾರ ಅಡಗಿ ಕೂರುವ ಜಾಗಕ್ಕೆ ಸ್ಟ್ಯಾಂಡ್ ಎನ್ನುತ್ತಾರೆ. ಬೆಳಕು ಹರಿಯುವ ಮೊದಲೇ, ಕತ್ತಲಲ್ಲಿ, ಒಂದು ಕಡ್ಡಿಯೂ ಮುರಿಯದಂತೆ ಅಲ್ಲಿಗೆ ತಲುಪಿ ಕೂತಿರಬೇಕು. ಸದ್ದಾಯಿತೋ, ಆ ದಿನದ ಬೇಟೆ ಮುಗಿದಂತೆ. ತನ್ನ ಪಾಡಿಗೆ ತಾನು ಮೇಯುವ ಪ್ರಾಣಿಯೊಂದನ್ನು ಕೊಲ್ಲಲು ಇಷ್ಟೊಂದು ಸಡಗರವೇಕೆ ಎಂಬುದು ನನ್ನಂಥ ಸೊಪ್ಪುಸದೆ ತಿನ್ನುವ ಮನುಷ್ಯನಿಗೆ ಅರ್ಥವಾಗುತ್ತಿರಲಿಲ್ಲ.

ಆ ವರ್ಷ ಋತುವಿನ ಮೊದಲ ದಿನವೇ, ಮಧ್ಯಾಹ್ನ, ಒಂದು ಹೆಣ ಬಂತು. ನಮ್ಮಿಂದ ಒಂದೂವರೆ ಗಂಟೆ ಡ್ರೈವ್ ಇದ್ದ ಉತ್ತರದ ಕೌಂಟಿಯಲ್ಲಿ ಪೆಥಾಲಜಿಸ್ಟ್ ಇರಲಿಲ್ಲವಾದ್ದರಿಂದ ಅಲ್ಲಿಯ ಅನುಮಾನದ ಸಾವುಗಳು ನಮ್ಮಲ್ಲಿಗೆ ಬರುತ್ತಿದ್ದವು. ಸತ್ತವನ ಹೆಸರು ರೇ. ವಯಸ್ಸು ಮೂವತ್ತರ ಮೇಲೆ, ಕಾರ್ಖಾನೆಯ ಕೆಲಸಗಾರ, ಕೆಂಪು ಚೌಕಳಿಯ ಉಣ್ಣೆಯ ಕೋಟು. ಅಲ್ಲಿಯ ಬೇಟೆಯ ಕೋವಿ ಒಂದು ಸಲಕ್ಕೆ ಹೆಬ್ಬೆರಳು ಗಾತ್ರದ ಒಂದೇ ಸೀಸದ ಗುಂಡು ಹಾರಿಸುತ್ತದೆ. ಅದು ಅವನ ಎದೆಮೂಳೆಯ ಕೆಳಗೆ ಹೊಕ್ಕು, ಹೃದಯವನ್ನು ಚಿಂದಿ ಮಾಡಿ, ಮೇಲಕ್ಕೆ ಏರಿ ಬಲ ಹೆಗಲಿನ ಮೂಳೆಯನ್ನು ಪುಡಿಗಟ್ಟಿ ನಿಂತಿತ್ತು. ಎದೆಗೂಡಿನ ತುಂಬ ರಕ್ತ. ಗಾಯದ ಸುತ್ತ ಕೋಟು ಸುಟ್ಟು ಮಸಿ ಹಿಡಿದಿತ್ತು, ಎಂದರೆ ಕೋವಿಯ ಬಾಯಿ ಮೈಗೆ ತಾಗುವಷ್ಟು ಹತ್ತಿರವಿತ್ತು. ಎಡಗೈಯ ಅಂಗೈಯಲ್ಲೂ ಅದೇ ಮಸಿಯಿತ್ತು, ಹಾಗಾಗಿ ಗುಂಡು ಹಾರುವ ಹೊತ್ತಿಗೆ ಅವನು ನಳಿಗೆಯ ತುದಿಯನ್ನು ಹಿಡಿದಿದ್ದನೆಂಬುದು ಖಚಿತ.

ಹೆಣದ ಹಿಂದೆಯೇ ಆ ಕೌಂಟಿಯ ಪತ್ತೇದಾರ ಹಾರ್ಲನ್ ಬಂದರು. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ನಡೆದದ್ದನ್ನು ಅವರು ಹೇಳಿದ್ದು ಹೀಗೆ. ರೇ ಮತ್ತು ಅವನ ಹೆಂಡತಿಯ ಅಣ್ಣ ಡೆನ್ನಿಸ್ ಇಬ್ಬರೇ ಬೆಳಗಿನ ಜಾವ ಕಾಡಿಗೆ ಹೋಗಿದ್ದರು. ಡೆನ್ನಿಸ್ ಹೇಳುವಂತೆ, ಅವನು ಮುಳ್ಳುತಂತಿಯ ಬೇಲಿ ದಾಟಿ ಮುಂದೆ ನಡೆದುಬಿಟ್ಟಿದ್ದ, ಹಿಂದಿನಿಂದ ಗುಂಡಿನ ಸದ್ದು ಕೇಳಿ ಓಡಿಬಂದ. ರೇ ಬಿದ್ದಿದ್ದ. ರೇನ ಕೋವಿಯನ್ನು ತಾನೇ ಎತ್ತಿ ಖಾಲಿ ಮಾಡಿ ಪಕ್ಕಕ್ಕೆ ಎಸೆದೆನೆಂದೂ ಅವನೇ ಒಪ್ಪಿಕೊಂಡಿದ್ದ. ಕೋವಿಯ ಮೇಲೆ ಅವನ ಬೆರಳಚ್ಚು ತುಂಬಿತ್ತು.

ಇನ್ನೊಂದು ಸಂಗತಿಯೂ ಇತ್ತು. ರೇ ಹೆಂಡತಿಗೆ ಹೊಡೆಯುತ್ತಿದ್ದ, ಊರಿಗೆಲ್ಲ ಗೊತ್ತಿದ್ದ ವಿಷಯ. ಹಿಂದಿನ ವಾರ ಒಂದು ಬಾರಿನಲ್ಲಿ ಡೆನ್ನಿಸ್ ಅವನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿ, ಇನ್ನೊಂದು ಸಲ ನನ್ನ ತಂಗಿಯ ಮೈ ಮುಟ್ಟಿದರೆ ನಿನ್ನನ್ನು ಕೊಂದುಬಿಡುತ್ತೇನೆ ಎಂದಿದ್ದ. ಕೇಳಿದವರು ಬೇಕಾದಷ್ಟು ಜನ. ಹಾರ್ಲನ್ ಆಗಲೇ ಡೆನ್ನಿಸ್‌ನನ್ನು ಲಾಕಪ್ಪಿಗೆ ಹಾಕಿದ್ದರು. ನಾನು ಕೊಲೆ ಎಂದು ಬರೆದರೆ ಅವನ ಉಳಿದ ಆಯುಷ್ಯವೆಲ್ಲ ಜೈಲಿನಲ್ಲೇ.

ನನಗೆ ಅದು ಅಪಘಾತದಂತೆ ಕಂಡಿತ್ತು. ಬೇಲಿ ದಾಟಿ ಕುಕ್ಕರುಗಾಲಿನಲ್ಲಿ ಕೂತು, ತಂತಿಯ ಕೆಳಗಿದ್ದ ಕೋವಿಯನ್ನು ನಳಿಗೆ ಹಿಡಿದು ತನ್ನತ್ತ ಎಳೆದುಕೊಂಡವನಿಗೆ ಗುಂಡು ಹೀಗೆಯೇ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಹಾರ್ಲನ್ ಅದನ್ನು ತಳ್ಳಿಹಾಕಿದರು. ರೇ ಬೇಲಿಯ ಮೇಲೆ ಕಾಲು ಹಾಕಿದ್ದಾಗ ಡೆನ್ನಿಸ್ ಅವನ ಕೋವಿಯನ್ನೇ ಕಿತ್ತುಕೊಂಡು ಕೆಳಗಿನಿಂದ ಹೊಡೆದರೂ ಗುಂಡು ಮೇಲಕ್ಕೇ ಹೋಗುತ್ತದೆ. ಜೀವ ಉಳಿಸಿಕೊಳ್ಳಲು ನಳಿಗೆ ಹಿಡಿದು ತಳ್ಳಿದ್ದರೂ ಅಂಗೈಗೆ ಮಸಿ ಹತ್ತುತ್ತದೆ ಎಂದರು. ಅವರ ಮಾತು ಸುಳ್ಳೆನ್ನುವಂತಿರಲಿಲ್ಲ. ಹೆಣ ಎರಡು ಕಥೆಗೂ ಹೂಂಗುಟ್ಟುತ್ತಿತ್ತು.

"ಡಾಕ್ಟರೇ, ನೀವು ಬೇಟೆ ಆಡಿದವರಲ್ಲ," ಎಂದರು ಹಾರ್ಲನ್. "ತುಂಬಿದ ಕೋವಿ ಹಿಡ್ಕೊಂಡು ಬೇಲಿ ದಾಟಬಾರದು ಅನ್ನೋದು ನಾವು ಕಲಿಯೋ ಮೊದಲನೇ ಪಾಠ. ರೇ ಚಿಕ್ಕಂದಿನಿಂದ ಕಾಡು ಸುತ್ತಿದವನು. ಅವನು ಆ ತಪ್ಪು ಮಾಡಲ್ಲ. ಅಲ್ಲಿ ಕೋವಿ ತುಂಬಿತ್ತು ಅಂದ್ರೆ, ಯಾರೋ ಬೇಕು ಅಂತಲೇ ತುಂಬಿದಾರೆ."

ಟ್ರಕ್ಕಿನ ಬಳಿಯೇ ಇಬ್ಬರೂ ಕೋವಿ ತುಂಬಿದ್ದೆವೆಂದು ಡೆನ್ನಿಸ್ ಹೇಳಿದ್ದನಂತೆ. ಅದೇ ಅವನ ಸುಳ್ಳಿಗೆ ಸಾಕ್ಷಿ ಎಂಬುದು ಹಾರ್ಲನ್ ಅವರ ವಾದ. ನನಗೆ ಸಿಟ್ಟು ಬಂತು. ನನ್ನ ಮೇಜಿನ ಮೇಲಿನ ಹೆಣದ ಬಗ್ಗೆ ನನಗೇ ಪಾಠ ಹೇಳುತ್ತಾರಲ್ಲ ಎಂಬ ಸಿಟ್ಟು. ಆ ಜಾಗವನ್ನು ನೋಡದೆ ಸಹಿ ಹಾಕುವುದಿಲ್ಲ, ನೀವು ಬೇಟೆಗೆ ಹೇಗೆ ಹೋಗುತ್ತೀರೋ ಹಾಗೆಯೇ, ಅದೇ ಹೊತ್ತಿಗೆ, ಕೋವಿ ಸಮೇತ ನನ್ನನ್ನು ಕರೆದುಕೊಂಡು ಹೋಗಿ ಎಂದೆ. ಅವರು ಹೆಗಲು ಕುಣಿಸಿ ಒಪ್ಪಿದರು.

ಮನೆಯಲ್ಲಿ ವಿಮಲ ಕೈ ಕಟ್ಟಿಕೊಂಡು ನಿಂತಳು. "ಬಾಡಿ ನಿಮ್ಮ ಹತ್ರ ತಾನೇ ಬರತ್ತೆ, ನೀವ್ಯಾಕೆ ಅದರ ಹಿಂದೆ ಹೋಗ್ಬೇಕು? ಅಲ್ಲಿ ಎಲ್ರೂ ಗನ್ ಹಿಡ್ಕೊಂಡು ಕೂತಿರ್ತಾರೆ. ನಿಮ್ಮ ಬ್ರೌನ್ ಕೋಟ್ ನೋಡಿದ್ರೆ ಜಿಂಕೆ ಅಂತ ನಾನೇ ಶೂಟ್ ಮಾಡ್ತೀನಿ," ಎಂದಳು. ಹಾಗೆ ಹೇಳಿ ತನ್ನ ಕೆಂಪು ಉಣ್ಣೆಯ ಶಾಲನ್ನು ನನ್ನ ಎದೆಗೆ ಅಡ್ಡಡ್ಡ ಸುತ್ತಿ ಪಿನ್ನು ಹಾಕಿದಳು. ಕನ್ನಡಿಯಲ್ಲಿ ನಾನು ಮದುವೆಮನೆಯ ಬೀಗರಂತೆ ಕಂಡೆ.

ಹಾರ್ಲನ್ ಅವರ ಟ್ರಕ್ಕು ಕಾಡಿನಂಚಿನಲ್ಲಿ ನಿಂತಾಗ ಇನ್ನೂ ಗವ್ವೆನ್ನುವ ಕತ್ತಲು. ನೀರು ಗಟ್ಟಿಯಾಗುವ ಚಳಿ. ನನ್ನ ಶಾಲನ್ನು ನೋಡಿ ಅವರು ನಗಲಿಲ್ಲ, ಬದಲಿಗೆ ಜೇಬಿನಲ್ಲಿದ್ದ ಚಿಲ್ಲರೆ, ಕಾರಿನ ಕೀ ಎಲ್ಲವನ್ನೂ ತೆಗೆಸಿ ಟ್ರಕ್ಕಿನಲ್ಲಿ ಇಡಿಸಿದರು. ಬಾಗಿಲನ್ನು ಬಡಿಯದೆ, ಮೈಯಿಂದ ಒತ್ತಿ ಮುಚ್ಚಿದರು. ಆಮೇಲೆ ನನಗೆ ಬೆನ್ನು ಮಾಡಿ ನಿಂತು ಕೋಟಿನ ಒಳಗೆ ಏನೋ ಮಾಡಿಕೊಂಡರು. ಬಟ್ಟೆಯೊಳಗೆ ಬೀಗ ತೆರೆದಂತೆ ಮೆತ್ತಗೆ ಸದ್ದಾಯಿತು. ಪತ್ತೇದಾರರ ಕೋಟಿನೊಳಗೆ ನೂರೆಂಟು ಇರುತ್ತದೆ ಎಂದುಕೊಂಡು ನಾನು ಸುಮ್ಮನಾದೆ.

ಟಾರ್ಚಿಲ್ಲದೆ ನಡೆದೆವು. ಹಿಮ ಕಚ್ಚಿದ ಎಲೆಗಳು ನನ್ನ ಕಾಲ ಕೆಳಗೆ ಹಪ್ಪಳದಂತೆ ಮುರಿಯುತ್ತಿದ್ದವು, ಅವರ ಕಾಲಡಿಯಲ್ಲಿ ಮಾತ್ರ ಇಲ್ಲ. ಅವರು ಪಾದದ ಹೊರಅಂಚನ್ನು ಮೊದಲು ಊರಿ, ಆಮೇಲೆ ನಿಧಾನವಾಗಿ ಭಾರ ಬಿಡುತ್ತಿದ್ದರು. ನಾಲ್ಕಾರು ಹೆಜ್ಜೆಗೊಮ್ಮೆ ಸುಮ್ಮನೆ ನಿಂತುಬಿಡುತ್ತಿದ್ದರು. ಮನುಷ್ಯ ಮಾತ್ರ ಒಂದೇ ಸಮನೆ ನಡೆಯುತ್ತಾನೆ, ಜಿಂಕೆ ನಿಂತು ನಿಂತು ನಡೆಯುತ್ತದೆ ಎಂದು ಕಿವಿಯಲ್ಲಿ ಹೇಳಿದರು. ಸ್ವಲ್ಪ ಹೊತ್ತಿಗೆ ನನಗೂ ಅದರ ರುಚಿ ಹತ್ತಿತು. ಉಸಿರಿನ ಸದ್ದೂ ಹೆಚ್ಚಾಯಿತೇನೋ ಅನ್ನಿಸತೊಡಗಿತು. ಕೊಲ್ಲಲು ಹೊರಟವರ ಈ ಎಚ್ಚರವನ್ನು ನಾನು ಮೆಚ್ಚುತ್ತಿದ್ದೇನೆಂದು ಗೊತ್ತಾಗಿ ನನಗೇ ಒಂಥರಾ ಆಯಿತು.

ಬೇಲಿ ಬಂತು. ಆ ಹೊತ್ತಿಗೆ ಮಸುಕು ಬೆಳಕಿತ್ತು. ಹಾರ್ಲನ್ ತಮ್ಮ ಕೋವಿಯನ್ನು ಕೆಳಗಿನ ತಂತಿಯಡಿ ಮಲಗಿಸಿ, ಬಾಯಿ ಮುಂದಾಗಿ ಆಚೆಗೆ ತಳ್ಳಿದರು. ಕಂಬ ಹಿಡಿದು ಸದ್ದಿಲ್ಲದೆ ಬೇಲಿ ಹತ್ತಿ ಇಳಿದರು. ಕುಕ್ಕರುಗಾಲಿನಲ್ಲಿ ಕೂತು, ಎಡಗೈ ಚಾಚಿ ನಳಿಗೆಯ ತುದಿಯನ್ನು ಹಿಡಿದರು. ಆ ಕೈ ಕಂಡಿದ್ದೇ, ಟ್ರಕ್ಕಿನ ಬಳಿ ಕೇಳಿದ ಆ ಮೆತ್ತನೆಯ ಸದ್ದು ಏನಿರಬಹುದೆಂದು ಹೊಳೆಯಿತು.

"ಎಳೀಬೇಡಿ," ಎಂದೆ. "ಅದು ತುಂಬಿದೆಯಾ?"

"ಇಲ್ಲ," ಎಂದರು ತಕ್ಷಣ. ಆಮೇಲೆ ಅವರ ಕೈ ನಳಿಗೆಯ ಮೇಲೆ ಹಾಗೆಯೇ ನಿಂತಿತು. ಬಿಸಿ ಪಾತ್ರೆಯಿಂದ ತೆಗೆದಂತೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು. ಮತ್ತೆ ಬೇಲಿ ಹತ್ತಿ ಈಚೆ ಬಂದು, ಹಿಡಿಯ ಕಡೆಯಿಂದ ಕೋವಿಯನ್ನು ಎತ್ತಿಕೊಂಡು, ನಳಿಗೆಯಡಿಯ ಜಾರುವ ಹಿಡಿಕೆಯನ್ನು ಹಿಂದಕ್ಕೆ ಜಗ್ಗಿದರು. ಆ ನಿಶ್ಶಬ್ದದಲ್ಲಿ ಖಟಾರ್ ಎಂಬ ಸದ್ದು ಕಾಡೆಲ್ಲ ಕೇಳಿತು. ಕೆಂಪು ಕಾಡತೂಸೊಂದು ಹಾರಿ ಹಿಮದ ಮೇಲೆ ಬಿತ್ತು. ಅದೇ ಗಳಿಗೆಗೆ ಎದುರಿನ ಪೊದೆಗಳಿಂದ ಎರಡೋ ಮೂರೋ ಜಿಂಕೆಗಳು ಎಲೆಗಳನ್ನು ತುಳಿಯುತ್ತ ಓಡಿಹೋದವು.

ಹಾರ್ಲನ್ ಕಾಡತೂಸನ್ನು ಎತ್ತಿಕೊಳ್ಳಲಿಲ್ಲ.

"ಇಲ್ಲಿ ತುಂಬಿದ್ರೆ ಈ ಸದ್ದು ಆಗತ್ತೆ," ಎಂದರು. "ಅದಕ್ಕೇ ಟ್ರಕ್ ಹತ್ರಾನೇ, ಕೋಟಿನ ಒಳಗೇ ತುಂಬ್ತೀವಿ. ನಮ್ಮಪ್ಪ ಹಾಗೇ ಹೇಳಿಕೊಟ್ಟಿದ್ದ. ಸ್ಟ್ಯಾಂಡ್ ತಲುಪೋ ಗ್ಯಾನದಲ್ಲಿ, ಕೈಲಿರೋದು ತುಂಬಿದ ಕೋವಿ ಅನ್ನೋದೇ ಮರೆತುಹೋಗತ್ತೆ."

ಬೇಲಿ ದಾಟುವಾಗ ಕೋವಿ ಖಾಲಿಯಿರಬೇಕೆಂಬ ಪಾಠ, ಸದ್ದಾಗದಂತೆ ಮೊದಲೇ ತುಂಬಿಕೋ ಎಂಬ ರೂಢಿ, ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇಷ್ಟು ವರ್ಷ ಇದ್ದವು. ಕೇಳಿದರೆ ಪಾಠವನ್ನು ಹೇಳುತ್ತಿದ್ದರು, ಕೈ ರೂಢಿಯಂತೆ ನಡೆಯುತ್ತಿತ್ತು.

ಬೆಳಕು ಹರಿದ ಮೇಲೆ ಅವರು ನೆಲಕ್ಕೆ ಮಂಡಿಯೂರಿ ಕೆಳಗಿನ ತಂತಿಯನ್ನು ಒಂದೊಂದು ಮುಳ್ಳಾಗಿ ನೋಡಿದರು. ರೇ ಬಿದ್ದಿದ್ದ ಜಾಗದ ನೇರಕ್ಕೆ ಒಂದು ಮುಳ್ಳು ಹೊಸದಾಗಿ ಬಾಗಿ, ತುಕ್ಕು ಉದುರಿ ಹೊಳೆಯುತ್ತಿತ್ತು. ಠಾಣೆಗೆ ಹಿಂತಿರುಗಿ ರೇನ ಕೋವಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಕುದುರೆಯ ಮೇಲೆ ಒಂದು ಗೀರು, ಗೀರಿನೊಳಗೆ ತುಕ್ಕು ಕಂಡಿತು. ಕೋವಿಯ ಕುದುರೆಯೆಂದರೆ ಬೆರಳಿನಿಂದ ಎಳೆಯುವ ಸಣ್ಣ ಕೊಕ್ಕೆ. ಅದನ್ನು ಎಳೆದದ್ದು ಬೇಲಿಯ ಮುಳ್ಳು. ಅಲ್ಲಿ ಗೀರು ಇರಬಹುದೆಂದು ಅದುವರೆಗೆ ಯಾರೂ ಹುಡುಕಿರಲಿಲ್ಲ. ನಾನು ಅಪಘಾತ ಎಂದು ಬರೆದು ಸಹಿ ಹಾಕಿದೆ. ಹಾರ್ಲನ್ ತಾವೇ ಹೋಗಿ ಲಾಕಪ್ಪಿನ ಬಾಗಿಲು ತೆಗೆದು ಡೆನ್ನಿಸ್‌ನನ್ನು ಬಿಟ್ಟರು.

ಎರಡು ದಿನದ ಮೇಲೆ ರೇನ ಹೆಂಡತಿ ಕ್ಯಾರಲ್ ಅವನ ಉಂಗುರ, ವಾಚು ತೆಗೆದುಕೊಂಡು ಹೋಗಲು ಬಂದಳು. ತೆಳ್ಳಗಿನ ಹೆಂಗಸು, ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡಿದ್ದಳು. ಅವಳ ಅಣ್ಣನನ್ನು ಏಕೆ ಬಿಟ್ಟರೆಂಬುದನ್ನು ನಾನೇ ಹೇಳಬೇಕೆಂದು ಅವಳನ್ನು ನನ್ನ ಕೋಣೆಗೆ ಕರೆದು ಕೂರಿಸಿದೆ. ಬೇಲಿ, ಮುಳ್ಳು, ಗೀರು ಎಲ್ಲವನ್ನೂ ವಿವರಿಸಿದೆ. ನಿನ್ನ ಅಣ್ಣ ಕೊಲೆಗಾರನಲ್ಲ, ಇದರಲ್ಲಿ ಎಳ್ಳಷ್ಟೂ ಅನುಮಾನ ಬೇಡ ಎಂದೆ. ಅವಳು ನಿಟ್ಟುಸಿರು ಬಿಡುತ್ತಾಳೆ, ಅಳುತ್ತಾಳೆ, ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡಿದ್ದೆ.

ಅವಳು ಅದೊಂದನ್ನೂ ಮಾಡಲಿಲ್ಲ.

"ಬಿಟ್ಟು ಕಳಿಸಿದ ಮೇಲೂ ಅಣ್ಣನೇ ಮಾಡಿದಾನೆ ಅಂದ್ಕೊಂಡಿದ್ದೆ," ಎಂದಳು. "ಲಾಕಪ್ಪಿಗೆ ಹಾಕಿದಾಗ, ಪಾಪ, ಜೈಲಿಗೆ ಹೋಗ್ತಾನಲ್ಲ ಅಂತ ಅತ್ತಿದ್ದೆ. ಆದ್ರೆ ಒಳಗೊಳಗೆ, ಕೊನೆಗೂ ನನಗೋಸ್ಕರ ಒಬ್ರು ಏನೋ ಮಾಡಿದ್ರಲ್ಲ ಅಂತ ಇತ್ತು." ಮತ್ತೆ ಕೇಳಿದಳು, "ಹಾಗಾದ್ರೆ, ಅಷ್ಟೆಲ್ಲ ಬೆದರಿಸಿ ಆದ್ಮೇಲೂ, ಅವತ್ತು ಅವರಿಬ್ರೂ ಪ್ರತಿ ವರ್ಷದ ಹಾಗೆ ಜೊತೇಲಿ ಬೇಟೆಗೆ ಹೋಗಿದ್ರು. ಅಷ್ಟೇ ಅಲ್ವಾ?"

ನಾನು ಉಂಗುರ, ವಾಚಿನ ಪೊಟ್ಟಣವನ್ನು ಅವಳತ್ತ ಸರಿಸಿದೆ. ಅವಳು ಅದಕ್ಕೆ ಕೈ ಚಾಚಿದಾಗ ಕೋಟಿನ ತೋಳು ಹಿಂದೆ ಸರಿಯಿತು. ಮುಂಗೈಯ ಮೇಲೆ ನಾಲ್ಕು ಬೆರಳಿನ ಗುರುತು, ಅಂಚಿನಲ್ಲಿ ಹಳದಿಗೆ ತಿರುಗುತ್ತಿತ್ತು. ಬಾರಿನ ಆ ಬೆದರಿಕೆ ಆದಮೇಲೆ ಮೂಡಿದ ಗುರುತು ಅದೆಂದು ಬಣ್ಣ ನೋಡಿಯೇ ಹೇಳಬಲ್ಲೆ, ಅದು ನನ್ನ ವಿದ್ಯೆ. ಸತ್ತವರ ಮೈಮೇಲೆ ಮಾತ್ರ ಆ ವಿದ್ಯೆಯನ್ನು ಬಳಸಿ ನನಗೆ ಅಭ್ಯಾಸ.

ಆಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಕೆಲಸ ಮಾಡಿದೆ. ಸಾವಿನ ಕಾರಣ ಬರೆದು ಮುಗಿಸಿದ ಮೇಲೆ, ಹೆಣ ಕೇಳಿಕೊಂಡು ಬಂದವರನ್ನು ಕೂರಿಸಿ, ನೀವು ಹೇಗಿದ್ದೀರಿ ಎಂದು ಕೇಳಿ, ಉತ್ತರ ಬರುವವರೆಗೆ ಅವರ ಕೈಗಳನ್ನು ನೋಡುವುದನ್ನು ಕಲಿತೆ. ಅದನ್ನು ಕಲಿಸಿದವಳಿಗೆ ಅದರಿಂದ ಏನೂ ಆಗಲಿಲ್ಲ. ಅವಳು ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಹೋದಾಗ, ಅವಳನ್ನು ಕರೆದೊಯ್ಯಲು ಡೆನ್ನಿಸ್ ಕಾರಿನಲ್ಲಿ ಕಾಯುತ್ತಿದ್ದ. ಅವಳು ಅವನ ಪಕ್ಕದ ಬಾಗಿಲನ್ನು ಬಿಟ್ಟು ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.