ಚೆಲುವಮ್ಮ ನೆಟ್ಟಗೆ ನಿಲ್ಲಿಸಿದ ಕಂಬ

ಬೆಳಗ್ಗೆ ಆರು ಗಂಟೆ. ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಹಾಲಿನ ಬೂತು ಬಿಟ್ಟರೆ ತೆರೆದಿರುವುದು ಒಂದೇ ಅಂಗಡಿ. ಅರ್ಧ ಎತ್ತಿದ ಶಟರಿನ ಕೆಳಗೆ ತಲೆ ತಗ್ಗಿಸಿ ಒಳಗೆ ಹೋದರೆ ಜೆರಾಕ್ಸ್ ಮಿಷನ್ನು, ಅದರ ಪಕ್ಕ ದೇವರ ಪಟ, ಪಟದ ಕೆಳಗೆ ಕಂಪ್ಯೂಟರ್ ಮುಂದೆ ಚೆಲುವಮ್ಮ. ಸ್ವೆಟರಿನ ಮೇಲೆ ಸೆರಗು ಹೊದ್ದು ಕೂತಿದ್ದಾರೆ. "ಕುಂತ್ಕಳಿ ಸಾ. ಇವತ್ತು ನನ್ ತಲೆ ಕೆಟ್ಟೋಗೈತೆ, ಮಾತಾಡ್ಸ್ದೇ ಇದ್ರೆ ಬೇಜಾರ್ ಮಾಡ್ಕಬ್ಯಾಡಿ" ಎನ್ನುತ್ತಾರೆ. ಕಣ್ಣು ಮಾತ್ರ ಪರದೆ ಬಿಟ್ಟು ಅಲ್ಲಾಡುವುದಿಲ್ಲ.

ತಲೆ ಕೆಡುವುದಕ್ಕೆ ಕಾರಣವೂ ಇದೆ. ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ಯಶೋಧರಾ ಅವರು ಈ ಸೀಮೆಯ ಹಳೆಯ ಮರಗೆಲಸದ ಬಗ್ಗೆ ಸಂಶೋಧನೆ ಮಾಡಿ ಒಂದು ಗ್ರಂಥ ಬರೆದಿದ್ದಾರೆ. ಅದನ್ನು ಅಚ್ಚಿಗೆ ಹೋಗುವಂತೆ ಪುಟಕ್ಕೆ ಕೂರಿಸುತ್ತಿರುವವರು ಚೆಲುವಮ್ಮ. ಮೈಸೂರಿನ ಪ್ರಕಾಶಕರು ಶನಿವಾರ ಅದನ್ನು ಎರಡನೇ ಸಲ ವಾಪಸು ಕಳಿಸಿದ್ದಾರೆ. ಇವತ್ತು ಹತ್ತು ಗಂಟೆಯೊಳಗೆ ಸರಿಯಾದ ಫೈಲು ಸೇರದಿದ್ದರೆ ಅವರು ಈ ವರ್ಷ ತರುವ ಪುಸ್ತಕಮಾಲೆಯಿಂದ ಇದು ಹೊರಕ್ಕೆ. ಮುಂದಿನ ವರ್ಷ ಮಾಲೆ ಇದ್ದೇ ಇರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.

ಪುಸ್ತಕ ತೆರೆದರೆ ನಾವು ಲೇಖಕರ ಹೆಸರು ನೋಡುತ್ತೇವೆ, ಮುನ್ನುಡಿ ಬರೆದವರು ಯಾರೆಂದು ನೋಡುತ್ತೇವೆ, ಬೆಲೆ ನೋಡಿ ಹುಬ್ಬೇರಿಸುತ್ತೇವೆ. ಅಡಿಟಿಪ್ಪಣಿಯೊಂದು ತನ್ನ ಪುಟದ ಅಡಿಗೇ ಬಂದು ಕೂತಿತಲ್ಲ, ಅದು ಹೇಗೆ ಎಂದು ಕೇಳಿದವರುಂಟೆ? ಮೇಷ್ಟ್ರುಗಳು ಕೊಡುವ ಹಸ್ತಪ್ರತಿ ಹೇಗಿರುತ್ತದೆಂದು ಈ ಅಂಗಡಿಗೆ ಬಂದು ನೋಡಬೇಕು. ಒಂದು ಅಧ್ಯಾಯ ಹಳೆಯ ಫಾಂಟಿನಲ್ಲಿ, ಇನ್ನೊಂದು ಹೊಸ ಫಾಂಟಿನಲ್ಲಿ. ಕೋಷ್ಟಕಗಳು ಅಗಲದ ಹಾಳೆಗೆ ಹೊಂದುವಂಥವು. ಅವು ಪುಸ್ತಕದ ಸಣ್ಣ ಪುಟಕ್ಕೆ ಬಂದರೆ ಅಂಚು ದಾಟಿ ಓಡುತ್ತವೆ. ಕೊನೆಯಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಹೇಳುವ ಪದಸೂಚಿ ಬೇರೆ. ಎಲ್ಲ ಮುಗಿದ ಮೇಲೆ ಲೇಖಕರು ಫೋನು ಮಾಡಿ ಒಂದೇ ಒಂದು ಪ್ಯಾರಾ ಸೇರಿಸಿ ಎನ್ನುತ್ತಾರೆ. ಅಲ್ಲಿಗೆ ಪುಟಗಳೆಲ್ಲ ಜರುಗಿ, ಪದಸೂಚಿಯ ಅಂಕಿಗಳೆಲ್ಲ ಸುಳ್ಳಾಗುತ್ತವೆ.

"ಒಂದ್ ಪ್ಯಾರಾ ಅಲ್ವ ಅಂತಾರೆ ಸಾ. ನಗ್ತೀನಿ, ಆಯ್ತು ಅಂತೀನಿ. ಫೋನ್ ಇಟ್ಮೇಲೆ ಒಂದಷ್ಟು ಬಯ್ಕತೀನಿ" ಎಂದು ಚೆಲುವಮ್ಮ ಬಾಯಿ ತುಂಬ ನಗುತ್ತಾರೆ.

ದಿನಕ್ಕೆ ನಲವತ್ತು ಪುಟ ಮುಗಿದರೆ ಅದು ಒಳ್ಳೆಯ ದಿನ. ಒಂಬತ್ತು ಗಂಟೆಯ ಮೇಲೆ ಪಹಣಿ, ಜಾತಿ ಪ್ರಮಾಣಪತ್ರ, ಆಧಾರ್ ಜೆರಾಕ್ಸ್ ಎಂದು ಜನ ಮುತ್ತಿಕೊಳ್ಳುವುದರಿಂದ ಪುಸ್ತಕದ ಕೆಲಸವೆಲ್ಲ ನಸುಕಿನಲ್ಲೇ. ಚೆಲುವಮ್ಮ ಚಿನಕುರಳಿಯಿಂದ ಸ್ಕೂಟರಿನಲ್ಲಿ ಬರುತ್ತಾರೆ. ಮೊದಲು ಶ್ರೀರಂಗಪಟ್ಟಣದ ಒಂದು ಪ್ರೆಸ್ಸಿನಲ್ಲಿ ಮದುವೆ ಕರೆಯೋಲೆ ಟೈಪು ಮಾಡಿಕೊಂಡಿದ್ದವರು. ಪ್ರೆಸ್ಸು ಬಾಗಿಲು ಹಾಕಿದಾಗ ಅಲ್ಲಿನ ಹಳೆಯ ಕಂಪ್ಯೂಟರನ್ನೇ ಕೊಂಡು ತಂದರು. ಗಂಡ ತೀರಿಕೊಂಡ ವರ್ಷ ಅದು. "ಅಳ್ತಾ ಕುಂತಿದ್ರೆ ಮಿಷನ್ ಓಡ್ತದಾ ಸಾ? ಅದ್ಕೇ ಕುಂತ್ಕಂಡು ಟೈಪ್ ಮಾಡ್ದೆ" ಎನ್ನುತ್ತಾರೆ. ಈಗ ನಾಗಮಂಗಲದಿಂದಲೂ ಪ್ರಬಂಧ ಹಿಡಿದುಕೊಂಡು ಇವರನ್ನು ಹುಡುಕಿಕೊಂಡು ಬರುತ್ತಾರೆ.

ಈ ಪುಸ್ತಕ ಮಾತ್ರ ಅವರಿಗೆ ಮನೆಯ ಕೆಲಸ. ತಂದೆ ಚೌಡಾಚಾರ್ ಚಿನಕುರಳಿಯ ಮರಗೆಲಸದವರು, ವಯಸ್ಸು ಎಂಬತ್ತರ ಹತ್ತಿರ. ಯಶೋಧರಾ ಅವರು ಅವರ ಜಗಲಿಯ ಮೇಲೆ ಎಷ್ಟೋ ಭಾನುವಾರ ಕೂತು ತೊಲೆ, ಕಂಬ, ಬಾಗಿಲವಾಡದ ಲೆಕ್ಕಾಚಾರ ಬರೆದುಕೊಂಡಿದ್ದಾರೆ. ಗಂಡುಮಕ್ಕಳಿಲ್ಲದ ಆಚಾರ್‌ಗೆ ಗರಗಸದ ಇನ್ನೊಂದು ತುದಿ ಹಿಡಿದು ಬೆಳೆದವರು ಚೆಲುವಮ್ಮ. ಕಂಬ ನಿಲ್ಲಿಸುವಾಗ ಅಪ್ಪ ಹೇಳುತ್ತಿದ್ದ ಮಾತು ಅವರಿಗೆ ಇನ್ನೂ ಕಿವಿಯಲ್ಲಿದೆ: "ಮರುಕ್ಕೂ ತಲೆ ಕಾಲು ಅಂತ ಇರ್ತದೆ ಕಣಮ್ಮಿ. ಬುಡ ಕೆಳೀಕೆ, ತುದಿ ಮೇಲೀಕೆ. ಬೆಳ್ದಂಗೇ ನಿಲ್ಸು." ಬುಡ ಮೇಲಾಗಿ ಕಂಬ ನಿಲ್ಲಿಸಿದರೆ ಆ ಮನೆಗೆ ಏಳಿಗೆಯಿಲ್ಲ ಎಂಬುದು ಆ ಮನೆತನದ ನಂಬಿಕೆ. ಒಮ್ಮೆ ಆಟಕ್ಕೆ ತುಂಡು ಕಂಬವನ್ನು ತಲೆಕೆಳಗು ನಿಲ್ಲಿಸಿದ್ದಕ್ಕೆ ಚೆಲುವಮ್ಮನ ಬೆನ್ನಿಗೆ ಏಟು ಬಿದ್ದಿತ್ತಂತೆ.

ಆ ಚೌಡಾಚಾರ್ ಈಗ ದಿನಾ ಸಂಜೆ ಮಗಳ ಸ್ಕೂಟರ್ ಸದ್ದಾದರೆ ಸಾಕು, "ಬಂತಾ ಬುಕ್ಕು?" ಎಂದು ಕೇಳುತ್ತಾರೆ. "ಉಳಿಯಲ್ಲಿ ಕೆತ್ತಿದ್ದೆಲ್ಲ ಗೆದ್ಲು ತಿಂತು. ಬುಕ್ಕಲ್ಲಾದ್ರೂ ಇರ್ಲಿ, ನಾನ್ ಕಣ್ಮುಚ್ಚಕ್ ಮುಂಚೆ ನೋಡ್ಬುಡ್ತೀನಿ" ಅನ್ನುವುದು ಅವರ ಮಾತು. ಚೆಲುವಮ್ಮನ ತಲೆ ಕೆಟ್ಟಿರುವುದು ಇದಕ್ಕೇ.

ಏಳು ಗಂಟೆಗೆ ಯಶೋಧರಾ ಓಡೋಡಿ ಬರುತ್ತಾರೆ. ಕೆ.ಆರ್. ಪೇಟೆಯಿಂದ ಮೊದಲ ಬಸ್ಸಿಗೆ ಹೊರಟವರು, ಕೈಯಲ್ಲಿ ತಾವೇ ಪೆನ್ಸಿಲಿನಲ್ಲಿ ಬರೆದ ಮೂಲ ಚಿತ್ರಗಳ ಕವರು. ಮೊದಲ ಸಲ ಅಡಿಟಿಪ್ಪಣಿಗಳ ಕ್ರಮ ಬದಲಿಸಿ ಎಂದಿದ್ದ ಪ್ರಕಾಶಕರು ಈ ಸಲ ತೆಗೆದಿರುವ ತಕರಾರೇ ಬೇರೆ: ಕಂಬಗಳ ಬಗೆಗಿನ ಐದನೇ ಅಧ್ಯಾಯದಲ್ಲಿ ಒಂದೇ ಚಿತ್ರ ಎರಡು ಸಲ ಬಂದಿದೆ, ಇನ್ನೊಂದು ಚಿತ್ರ ಕಾಣೆಯಾಗಿದೆ.

"ನಾನು ಎರಡು ಚಿತ್ರಾನೂ ಕೊಟ್ಟಿದ್ದೆ, ಚೆಲುವಮ್ಮ. ಆಣೆ ಮಾಡ್ತೀನಿ ಬೇಕಾದ್ರೆ."

"ನೀವ್ ಕೊಟ್ಟಿದ್ನೆಲ್ಲ ಹಾಕಿವ್ನಿ ಮೇಡಂ. ನಾನ್ಯಾಕೆ ಒಂದ ನುಂಗ್ಕಳನ?"

ಇಬ್ಬರ ದನಿಯೂ ಸ್ವಲ್ಪ ಏರುತ್ತದೆ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂರುತ್ತೇನೆ. ಯಶೋಧರಾ ಕವರಿನಿಂದ ಎರಡು ಹಾಳೆ ತೆಗೆದು ಜೆರಾಕ್ಸ್ ಮಿಷನ್ನಿನ ಮುಚ್ಚಳದ ಮೇಲೆ ಅಕ್ಕಪಕ್ಕ ಇಡುತ್ತಾರೆ. ಎರಡರಲ್ಲೂ ಒಂದೇ ಥರದ ಕಂಬ. ಚೆಲುವಮ್ಮ ಬಗ್ಗಿದವರೇ ಎರಡನೇ ಹಾಳೆಯನ್ನು ಸರಕ್ಕನೆ ತಿರುಗಿಸಿ ಇಡುತ್ತಾರೆ. ಯಶೋಧರಾ ಅದನ್ನು ಮತ್ತೆ ಮೊದಲಿನಂತೆ ತಿರುಗಿಸುತ್ತಾರೆ. ಚೆಲುವಮ್ಮ ಪುನಃ ತಿರುಗಿಸುತ್ತಾರೆ.

"ಯಾಕ್ರೀ ತಿರುಗಿಸ್ತೀರಿ?"

"ಮತ್ತೆ, ತಲೆಕೆಳಗ್ ಮಡ್ಗುದ್ರಲ್ಲ ಮೇಡಂ!"

"ಅದು ಇರೋದೇ ಹಾಗೆ. ಕಂಬವನ್ನ ಹೀಗೆ ನಿಲ್ಲಿಸಬಾರದು ಅಂತ ತೋರಿಸೋದಕ್ಕೆ ಬರೆದ ಚಿತ್ರ ಅಲ್ವ ಅದು!"

ಚೆಲುವಮ್ಮ ಎರಡೂ ಕೈಯಲ್ಲಿ ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯೋ ನನ್ ಬುದ್ಧಿಗಿಷ್ಟು! ಸ್ಕ್ಯಾನ್ ಮಾಡ್ದೋರು ಹಾಳೆ ಉಲ್ಟಾ ಹಾಕ್ಬುಟ್ಟವ್ರೆ ಅನ್ಕಂಡು ನಾನೇ ನೆಟ್ಟಗ್ ನಿಲ್ಸಿವ್ನಿ ಕಣಿ ಮೇಡಂ. ಬುಡ ಮೇಲಾದ್ ಕಂಬ ಕಂಡ್ರೆ ಕೈ ಸುಮ್ನಿರಲ್ಲ ನಂದು." ಚಿತ್ರಗಳು ಒಂದು ಫೈಲಿನಲ್ಲಿ, ಅವುಗಳ ಕೆಳಗಿನ ಬರಹ ಇನ್ನೊಂದರಲ್ಲಿ ಬಂದಿದ್ದವು. ಹಾಗಾಗಿ ಚಿತ್ರ ತಿರುಗಿಸುವಾಗ ಅದರ ಬರಹ ಚೆಲುವಮ್ಮನ ಕಣ್ಣೆದುರಿಗೆ ಇರಲಿಲ್ಲ. ಕರಡು ತಿದ್ದುವಾಗ ಯಶೋಧರಾ ಅಕ್ಷರ ಅಕ್ಷರ ಓದಿದ್ದರು, ಚಿತ್ರಗಳ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದರು. ಮರಗೆಲಸದ ಮನೆಯಲ್ಲಿ ಹುಟ್ಟದ ಬೇರೆ ಯಾರೇ ಆಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ ಎಂಬುದೇ ಇದರ ತಮಾಷೆ.

ಮೊದಲು ನಕ್ಕವರು ಯಶೋಧರಾ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡು ಸ್ಟೂಲಿನ ಮೇಲೆ ಕೂತುಬಿಡುತ್ತಾರೆ. "ಐದನೇ ಅಧ್ಯಾಯ ಬರೆದದ್ದು ಸಾರ್ಥಕ ಆಯ್ತು ಬಿಡಿ" ಎನ್ನುತ್ತಾರೆ.

ಸರಿಪಡಿಸುವುದಕ್ಕೆ ಮೌಸಿನ ಒಂದು ಒತ್ತು ಸಾಕು. ಆದರೆ ಚೆಲುವಮ್ಮನ ಕೈ ಮೌಸಿನ ಮೇಲೆ ಹೋಗಿ ನಿಲ್ಲುತ್ತದೆ. ದೇವರ ಪಟದ ಕಡೆ ನೋಡಿ, "ತಪ್ಪಾಯ್ತು ಕಣಪ್ಪ, ಪುಸ್ತುಕ್ದಾಗೆ ಅಷ್ಟೇಯ" ಎಂದು ಎರಡೂ ಕೆನ್ನೆ ಮುಟ್ಟಿಕೊಳ್ಳುತ್ತಾರೆ. ಆಮೇಲೆ ಒತ್ತುತ್ತಾರೆ. ಪರದೆಯ ಮೇಲೆ ಕಂಬ ತಲೆಕೆಳಗಾಗುತ್ತದೆ. ಕೆಳಗಿನ ಬರಹ, ಪುಟದ ಅಂಕಿ, ಪದಸೂಚಿ ಎಲ್ಲವನ್ನೂ ಮತ್ತೊಮ್ಮೆ ನೋಡಿ ಫೈಲು ಕಳಿಸುತ್ತಾರೆ. ಅದು ತೆವಳಿಕೊಂಡು ಹೋಗುವುದನ್ನು ಮೂವರೂ ನೋಡುತ್ತ ಕೂರುತ್ತೇವೆ.

ಒಂಬತ್ತಕ್ಕೆ ಮೊದಲೇ ಪ್ರಕಾಶಕರ ಫೋನು ಬರುತ್ತದೆ. ಎಲ್ಲ ಸರಿಯಿದೆ, ಅಚ್ಚಿಗೆ ಹೋಗುತ್ತದೆ. ಅಬ್ಬಾ! ನನಗೇನೂ ಸಂಬಂಧವಿಲ್ಲದ ಪುಸ್ತಕ, ಆದರೂ ಎದೆಯ ಮೇಲಿನ ಭಾರ ಇಳಿದಂತಾಗುತ್ತದೆ. ಚೆಲುವಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಎದುರಿನ ಹೋಟೆಲಿನವರಿಗೆ ಕೂಗಿ ಮೂರು ಪ್ಲೇಟ್ ಇಡ್ಲಿ ಹೇಳುತ್ತಾರೆ. "ಎರಡ್ ದಿನದಿಂದ ಅನ್ನ ರುಚಿಸ್ತಿರ್ಲಿಲ್ಲ ಸಾ. ಈಗ ಹಸೀತಾ ಅದೆ ನೋಡಿ" ಎಂದು ಹೇಳುವಾಗ ಅವರ ಮುಖ ನೋಡಬೇಕು. ಹೊರಗೆ ಆಗಲೇ ಪಹಣಿಯವರು ಕ್ಯೂ ನಿಂತಿದ್ದಾರೆ.

ನಿಮ್ಮ ಆಸೆ ಏನು ಎಂದು ಕೇಳಿದರೆ ಇಡ್ಲಿ ಮುರಿಯುತ್ತ ಯೋಚಿಸುತ್ತಾರೆ. "ಇಂಥ ಬುಕ್ಕು ಇನ್ನೂ ಬರ್ಲಿ ಸಾ. ಮರುದ್ ಕೆಲ್ಸುದ್ದು ಬಂದ್ರೆ ಮಾತ್ರ ಚಿತ್ರುದ್ ಕೆಳ್ಗಿನ್ ಬರಹ ಮೊದ್ಲು ಓದ್ತೀನಿ."

ತಿಂಗಳು ಕಳೆದು ಪುಸ್ತಕ ಬಂದಿದೆ ಎಂದು ತಿಳಿದು ಚಿನಕುರಳಿಗೆ ಹೋಗುತ್ತೇನೆ. ಚೌಡಾಚಾರ್ ಕೈ ತೊಳೆದುಕೊಂಡು ಬಂದು, ಜಗಲಿಯ ಮೇಲೆ ಕೂತು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ತೆರೆಯುತ್ತಾರೆ. ತಮ್ಮ ಮನೆಯ ಬಾಗಿಲವಾಡ, ತಮ್ಮ ಉಳಿಗಳ ಚಿತ್ರ ಬಂದಾಗ ಬೆರಳಿನಿಂದ ಸವರುತ್ತಾರೆ. ಐದನೇ ಅಧ್ಯಾಯಕ್ಕೆ ಬರುತ್ತಿದ್ದಂತೆ ಹುಬ್ಬು ಗಂಟಾಗುತ್ತದೆ. ತಡ ಮಾಡದೆ ಇಡೀ ಪುಸ್ತಕವನ್ನೇ ತಲೆಕೆಳಗು ಮಾಡಿ ಹಿಡಿದು, ಕಂಬ ಸರಿಯಾಗಿ ನಿಂತಿತೆಂದು ಖಾತ್ರಿ ಮಾಡಿಕೊಂಡು ಮಗಳತ್ತ ತಿರುಗುತ್ತಾರೆ.

"ಯಾರಮ್ಮಿ ಈ ಕಂಬವ ಬುಡ ಮೇಲ್ಮಾಡಿ ನಿಲ್ಸಿರದು?"

"ನಾನೇ ಕಣಪ್ಪ" ಎನ್ನುತ್ತಾರೆ ಚೆಲುವಮ್ಮ. "ಈ ಸಲ ಸರ್ಯಾಗೇ ನಿಲ್ಸಿವ್ನಿ."